ಕಡುನೀಲಿಗೆ ಮೂರು ಟ್ಯೂಬ್: ಪ್ರಶ್ಯನ್, ಥ್ಯಾಲೊ, ಅಲ್ಟ್ರಾಮರೀನ್

ಜಲವರ್ಣದ ಪೆಟ್ಟಿಗೆಯಲ್ಲಿ ಒಂದೇ ಕಡುನೀಲಿಗೆ ಜಾಗವಿದ್ದರೆ ಅದು ಪ್ರಶ್ಯನ್ ಬ್ಲೂಗೆ ಸಲ್ಲಬೇಕು. ಆದರೆ ಟ್ಯೂಬಿನ ಮೇಲಿನ ದಪ್ಪಕ್ಷರ ನಂಬಿ ಕೊಳ್ಳಬೇಡಿ. ಹಿಂದೆ ಸಣ್ಣಕ್ಷರದಲ್ಲಿ ಪಿಬಿ 27 (PB 27, ಅಂದರೆ ‘ಪಿಗ್ಮೆಂಟ್ ಬ್ಲೂ’ ಎಂಬ ವರ್ಣದ್ರವ್ಯದ ಸಂಕೇತ) ಅಂತ ಇದೆಯಾ ನೋಡಿ.

ಪಿಬಿ 27 ಅಂದರೆ ಕಬ್ಬಿಣದ ಫೆರೊಸೈನೈಡ್. 18ನೇ ಶತಮಾನದ ಆರಂಭದಲ್ಲಿ, ಆಗಿನ ಪ್ರಶ್ಯ ರಾಜ್ಯದ ಬರ್ಲಿನ್‌ನಲ್ಲಿ ಕೆಂಪು ಬಣ್ಣ ತಯಾರಿಸಲು ಹೋಗಿ ಸಿಕ್ಕ ನೀಲಿ ಇದು; ಹೆಸರಲ್ಲಿ ಪ್ರಶ್ಯ ಸೇರಿದ್ದು ಹಾಗೆ. ಸೈನೈಡ್ ಎಂದು ಬೆಚ್ಚಬೇಕಿಲ್ಲ. ಅದು ಕಬ್ಬಿಣಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಥ್ಯಾಲಿಯಂ ಎಂಬ ಲೋಹದ ವಿಷಕ್ಕೆ ಇದನ್ನೇ ಮದ್ದಾಗಿ ಕೊಡುತ್ತಾರೆ. ಬಿಸಿ ಮಾಡುವುದು, ಪ್ರಬಲ ಆಮ್ಲ ಸುರಿಯುವುದು ಮಾತ್ರ ಬೇಡ.

ಇದರ ದೊಡ್ಡ ತಲೆನೋವು ಕ್ಷಾರ. ಸುಣ್ಣದ ಗೋಡೆಗೆ ಹಚ್ಚಿದರೆ ನೀಲಿ ಒಡೆದು ತುಕ್ಕಿನ ಕಂದು ಉಳಿಯುತ್ತದೆ. ಅಕ್ರಿಲಿಕ್ ಬಣ್ಣದ ಅಂಟೂ ಸ್ವಲ್ಪ ಕ್ಷಾರೀಯವೇ. ಹಾಗಾಗಿ ಅಕ್ರಿಲಿಕ್‌ನಲ್ಲಿ ಪ್ರಶ್ಯನ್ ಬ್ಲೂ ಹೆಸರಲ್ಲಿ ಬರುವುದು ಸಾಮಾನ್ಯವಾಗಿ ಥ್ಯಾಲೊ ಎಂಬ ಇನ್ನೊಂದು ನೀಲಿಗೆ ಕಪ್ಪು ಬೆರೆಸಿದ ಮಾಲು; ಹೆಸರಿನ ಜೊತೆ ‘ಹ್ಯೂ’ ಅಂತ ಇದ್ದರೆ ಅದೇ ಸುಳಿವು.

ಪಿಬಿ ನಂಬರೇ ಇಲ್ಲದ ಜಲವರ್ಣದ ಟ್ಯೂಬ್ ಮನೆಯಲ್ಲಿದ್ದರೆ ಪರೀಕ್ಷೆ ಸುಲಭ. ಕಾಗದದ ಚೂರಿಗೆ ತೆಳುವಾಗಿ ಹಚ್ಚಿ, ಪೂರ್ತಿ ಒಣಗಿಸಿ. ಅರ್ಧ ಕಪ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ ಒಂದು ಹನಿ ಇಡಿ. ಉಜ್ಜಬೇಡಿ, ಉಜ್ಜಿದರೆ ಬಣ್ಣ ಸುಮ್ಮನೆ ತೊಳೆದುಹೋಗಿ ಏನೂ ಗೊತ್ತಾಗುವುದಿಲ್ಲ. ಅಸಲಿಯಾದರೆ ಹನಿ ಬಿದ್ದ ಜಾಗ ನೀಲಿ ಕಳೆದುಕೊಂಡು ಹಳದಿಗಂದಾಗುತ್ತದೆ. ಥ್ಯಾಲೊ ಜಪ್ಪಯ್ಯ ಅನ್ನುವುದಿಲ್ಲ.

ಥ್ಯಾಲೊ ತಾಮ್ರದ ಸಂಯುಕ್ತ, ಬಿಸಿಲಿಗೂ ಗಟ್ಟಿ. ಆದರೆ ಕಡಲೆಕಾಳಿನಷ್ಟು ಬಿದ್ದರೂ ಪಕ್ಕದ ಬಣ್ಣಗಳನ್ನೆಲ್ಲ ನುಂಗಿಬಿಡುತ್ತದೆ. ಕಾಗದಕ್ಕೆ ಹಿಡಿಯಿತೆಂದರೆ ಒದ್ದೆ ಬ್ರಶ್‌ನಿಂದ ಎತ್ತಲೂ ಆಗದು.

ಅಲ್ಟ್ರಾಮರೀನ್ ಸೊಗಸು, ಸುಣ್ಣಕ್ಕೂ ಜಗ್ಗದು. ಆಮ್ಲ ತಾಗಿದರೆ ಮಾತ್ರ ಬಿಳಚಿಕೊಳ್ಳುತ್ತದೆ. ಆದರೆ ಕೆಂಪು ಛಾಯೆ, ಕಾಗದದ ಗುಳಿಗಳಲ್ಲಿ ಕೂರುವ ಕಣ. ಇರುಳ ಆಕಾಶಕ್ಕೆ ಬೇಕಾದ ಆಳ ಒಂದೇ ವಾಶ್‌ನಲ್ಲಿ, ಅಂದರೆ ನೀರು ಬೆರೆಸಿ ಹಚ್ಚುವ ಒಂದೇ ಪದರದಲ್ಲಿ, ಬರುವುದಿಲ್ಲ.

ಪ್ರಶ್ಯನ್ ತೆಳುವಾಗಿದ್ದರೆ ಬಿಸಿಲಿಗೆ ಮಾಸುತ್ತದೆ, ಕತ್ತಲಲ್ಲಿಟ್ಟರೆ ಬಹುಮಟ್ಟಿಗೆ ಮರಳುತ್ತದೆ. ಕಿಟಕಿಯ ಎದುರು ತೂಗುಹಾಕುವ ಚಿತ್ರಕ್ಕೆ ಥ್ಯಾಲೊ ಬಳಸಿ. ನನ್ನ ಕೆಲಸವೆಲ್ಲ ಮುಚ್ಚಿಡುವ ಸ್ಕೆಚ್‌ಬುಕ್‌ನಲ್ಲಿ, ಅದಕ್ಕೆ ಪ್ರಶ್ಯನ್ನೇ ಸಾಕು. ಬರ್ನ್ಟ್ ಅಂಬರ್ ಎಂಬ ಕಡುಕಂದು ಬೆರೆಸಿದರೆ ಕಪ್ಪಿಗೆ ಸನಿಹದ ಬಣ್ಣವೂ ಬರುತ್ತದೆ. ಕಪ್ಪಿನ ಟ್ಯೂಬಿಗೆ ಬೇರೆ ದುಡ್ಡು ಹಾಕಬೇಕಿಲ್ಲ.