ಮಿಯಾಜಾಕಿ ಮಾವಿನ ಸಸಿ ಕೊಳ್ಳುವವರು ಮೊದಲು ಬುಡದ ಪಟ್ಟಿ ಬಿಚ್ಚಿ ನೋಡಿ

ಧಾರವಾಡದ ಸುತ್ತ ಮಾವಿನ ತೋಟ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಿಯಾಜಾಕಿ ಎಂಬ ಜಪಾನಿನ ದುಬಾರಿ ಮಾವಿನ ಸಸಿ ಎಂದು ಮಾರುವ ಗಾಡಿಗಳು ಈ ಮಳೆಗಾಲದಲ್ಲಿಯೂ ಊರೂರು ಸುತ್ತುತ್ತಿವೆ. ಕಳೆದ ವರ್ಷ ನಾನು ಮೋಸ ಹೋದೆ. ಒಂದಕ್ಕೆ 1,500 ರೂಪಾಯಿಯಂತೆ 40 ಸಸಿ, ಒಟ್ಟು 60,000 ರೂಪಾಯಿ. ಜಾಗ ಸಾಲದೆಂದು ಫಲ ಕೊಡುತ್ತಿದ್ದ ಆರು ಆಪೂಸ್ ಮರಗಳನ್ನು ಕಡಿಸಿದೆ. ಅಪ್ಪ ಕೈಯಾರೆ ಕಸಿ ಕಟ್ಟಿ ಬೆಳೆಸಿದ ಮರಗಳು ಅವು. ಹಣಕ್ಕಿಂತ ಅದೇ ಹೆಚ್ಚು ಉರಿಯುತ್ತದೆ.

2021ರಲ್ಲಿ ಜಬಲ್ಪುರದ ತೋಟವೊಂದರಲ್ಲಿ ಈ ಹಣ್ಣಿಗೆ ಕಾವಲುಗಾರರನ್ನೂ ನಾಯಿಗಳನ್ನೂ ಇಟ್ಟ ಸುದ್ದಿ ಬಂದಿತ್ತು. 2023ರಲ್ಲಿ ಕೊಪ್ಪಳದ ಮಾವು ಮೇಳದಲ್ಲಿ ಒಂದು ಹಣ್ಣನ್ನು ಪ್ರದರ್ಶನಕ್ಕೆ ಇಟ್ಟರು. ಕೆಜಿಗೆ ಎರಡೂವರೆ ಲಕ್ಷವಂತೆ ಎಂಬ ಮಾತು ಎಲ್ಲರ ಬಾಯಿಗೆ ಬಂತು. ಪಕ್ಕದ ಹೊಲದವರು 20 ಸಸಿ ತಂದರು. ಅಂದಿನಿಂದ ನನಗೆ ನಿದ್ದೆ ಇಲ್ಲ. ಎಲ್ಲರೂ ಮುಂದೆ ಹೋಗಿ ನಾನೊಬ್ಬನೇ ಉಳಿದುಬಿಡುತ್ತೇನೆ ಎಂಬ ಭಯ, ಅಷ್ಟೇ. ಜಪಾನಿನಲ್ಲಿ ಲಕ್ಷಗಳ ಬೆಲೆ ಹರಾಜಿನಲ್ಲಿ ಆಯ್ದ ಹಣ್ಣಿಗೆ ಮಾತ್ರ: ಕನಿಷ್ಠ 350 ಗ್ರಾಂ ತೂಗಬೇಕು, ಸಕ್ಕರೆಯ ಅಳತೆ ಕನಿಷ್ಠ 15 ಡಿಗ್ರಿ ಇರಬೇಕು, ಹಸಿರುಮನೆಯೊಳಗೆ ಮಾಗಿ ಹಣ್ಣಿಗೆ ಕಟ್ಟಿದ ಬಲೆಯೊಳಗೆ ತಾನಾಗಿ ಕಳಚಿ ಬೀಳಬೇಕು. ಅದರ ತಳಿಯೂ ಜಪಾನಿನದಲ್ಲ, ಅಮೆರಿಕದ ಫ್ಲಾರಿಡಾದ ಇರ್ವಿನ್. ಇದೆಲ್ಲ ನನಗೆ ಗೊತ್ತಾದದ್ದು ದುಡ್ಡು ಎಣಿಸಿ ಕೊಟ್ಟ ಮೇಲೆ.

ಮೊನ್ನೆ ಬುಡದ ಪ್ಲಾಸ್ಟಿಕ್ ಪಟ್ಟಿ ಕಾಂಡವನ್ನು ಕೊರೆಯುತ್ತಿದೆ ಎಂದು ಬ್ಲೇಡಿನಿಂದ ಬಿಡಿಸಿದೆ. ಒಳಗೆ ಕಸಿಯ ಗಂಟೇ ಇಲ್ಲ! ಕಡ್ಡಿ ಕೂಡಿಸಿದ ಗುರುತೂ ಇಲ್ಲ. ಬುಡದಿಂದ ತುದಿಯವರೆಗೆ ಒಂದೇ ನುಣುಪು ತೊಗಟೆ. ಇನ್ನೊಂದು ಬಿಡಿಸಿದೆ, ಮತ್ತೊಂದು ಬಿಡಿಸಿದೆ. ನಲವತ್ತೂ ಹಾಗೆಯೇ. ಗೊರಟೆಯಿಂದ ಎದ್ದ ಸಸಿಗೆ ಪಟ್ಟಿ ಸುತ್ತಿ ಮಾರಿದ್ದಾರೆ; ಕಸಿ ಇಲ್ಲದ ಸಸಿಯಲ್ಲಿ ಹೇಳಿದ ತಳಿಯ ಹಣ್ಣೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಕಸಿ ಕಟ್ಟುವವರ ಮಗನಾಗಿ ಕೊಳ್ಳುವಾಗ ಒಂದನ್ನೂ ಬಿಚ್ಚಿ ನೋಡಲಿಲ್ಲ ನಾನು. ಮನೆಯವರ ಮುಖ ನೋಡಲಾಗುತ್ತಿಲ್ಲ.

ಸಸಿ ಮಾರಿದವನಿಗೆ ಫೋನ್ ಮಾಡಿದರೆ, "ಗೌಡರೇ, ಜಪಾನಿನ ಕಸಿ ಹಾಗೆಯೇ, ಗಂಟು ಕಾಣುವುದಿಲ್ಲ" ಎಂದ. ಮರುದಿನ, "ನಿಮ್ಮದು ಎರೆಮಣ್ಣಲ್ಲವೇ, ಗಂಟು ಕರಗಿದೆ" ಎಂದ. ಕಸಿಯ ಗಂಟು ಕರಗುತ್ತದೆಯೇ? ಹಣ್ಣನ್ನು ತಾವೇ ಕೊಳ್ಳುತ್ತೇವೆ ಎಂದು ಬರೆದುಕೊಟ್ಟ ಚೀಟಿಯನ್ನು ನೆನಪಿಸಿದೆ. "ಮೊದಲು ಹಣ್ಣು ಬಿಡಲಿ, ಆಮೇಲೆ ಮಾತಾಡೋಣ" ಎಂದ. ಈಗ ಫೋನ್ ಎತ್ತುವುದೇ ಇಲ್ಲ.

ಗಾಡಿಯವನ ಎದುರಿಗೇ ಒಂದು ಪಟ್ಟಿ ಬಿಚ್ಚಿಸಿ. ಬಿಚ್ಚಲು ಬಿಡದಿದ್ದರೆ ಅಲ್ಲಿಂದಲೇ ಕಳಿಸಿಬಿಡಿ. ಬೆಲೆ ಕೇಳಿ ಇದ್ದ ಮರಕ್ಕೆ ಕೊಡಲಿ ಹಾಕಬೇಡಿ. ನಿನ್ನೆ ಸಂಜೆ ಪಕ್ಕದ ಹೊಲದವರೂ ನಾನೂ ಕುಳಿತು ಅವರ 20 ಸಸಿಗಳ ಪಟ್ಟಿ ಬಿಡಿಸಿದೆವು. ಒಂದಕ್ಕೂ ಗಂಟಿರಲಿಲ್ಲ.