ಮಲಗಿಸಿ, ಎತ್ತಿ ನೋಡಿ ಕೊಂಡ ಗಾಡಿ: ಹಳೆಯ ಎಕ್ಸ್‌ಪಲ್ಸ್ 200ರ ಜೊತೆ ಮೂರೂವರೆ ವರ್ಷ

ಇದು ನನ್ನ ಮೊದಲ ಗೇರ್ ಗಾಡಿ. 2019ರ ಹೀರೋ ಎಕ್ಸ್‌ಪಲ್ಸ್ 200, ಕಚ್ಚಾ ದಾರಿಗೂ ಹೋಗುವಂಥ ಮೋಟರ್‌ಸೈಕಲ್, ಫ್ಯೂಯಲ್ ಇಂಜೆಕ್ಷನ್ ಇರುವುದು. 2022ರ ಜನವರಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಆಗ ಮೀಟರ್‌ನಲ್ಲಿ 17,400 ಕಿ.ಮೀ. ಇತ್ತು. ನಂತರದ ಮೂರೂವರೆ ವರ್ಷದಲ್ಲಿ 49,000 ದಾಟಿಸಿದ್ದೇನೆ. ಮನೆ ಪುಣೆ ಪಕ್ಕದ ಚಿಂಚವಡದಲ್ಲಿ, ಕೆಲಸ ಚಾಕಣದ ಕಾರ್ಖಾನೆಯಲ್ಲಿ, ಊರು ಧಾರವಾಡ. ಗಾಡಿ ಹೆಚ್ಚು ಓಡಿದ್ದು ಈ ಮೂರರ ನಡುವೆಯೇ. ಉಳಿದದ್ದು ಮುಳಶಿ, ತಾಮ್ಹಿಣಿ, ಭೋರ್ ಕಡೆಯ ಮಣ್ಣು ದಾರಿಗಳಲ್ಲಿ.

ಅದಕ್ಕೂ ಮೊದಲು ಸ್ಕೂಟರ್ ಬಿಟ್ಟು ಬೇರೇನೂ ಓಡಿಸಿರಲಿಲ್ಲ. ನನ್ನ ಲೈಸೆನ್ಸ್ ಕೂಡ ಗೇರ್ ಇಲ್ಲದ ಗಾಡಿಯದ್ದೇ. ಅದರ ಮೇಲೆ ಮೋಟರ್‌ಸೈಕಲ್ ಓಡಿಸುವ ಹಾಗಿಲ್ಲ. ಲರ್ನರ್ ಮಾಡಿಸಿ, ಟೆಸ್ಟ್ ಕೊಟ್ಟು, ಗೇರ್ ಗಾಡಿಯನ್ನೂ ಸೇರಿಸಿಕೊಂಡ ಮೇಲೆಯೇ ಹುಡುಕಲು ಶುರು ಮಾಡಿದೆ. ನೀವೂ ಸ್ಕೂಟರ್‌ನಿಂದ ಬರುವವರಾದರೆ ಈ ಕೆಲಸ ಮೊದಲು ಮುಗಿಸಿ.

ನನ್ನ ಎತ್ತರ 5 ಅಡಿ 4 ಅಂಗುಲ. ಎಲ್ಲರೂ ಹೇಳಿದ್ದು ಒಂದೇ ಮಾತು: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ತಗೋ, ಸೀಟು ತಗ್ಗು. ಅದು ನಿಜ. ಅದರ ಸೀಟು 800 ಮಿ.ಮೀ., ಎಕ್ಸ್‌ಪಲ್ಸ್‌ನದು 823. ಆದರೆ ತೂಕ ನೋಡಿ. ಹಿಮಾಲಯನ್ 191 ಕೆ.ಜಿ., ಬಿಎಸ್6 (ಹೊಗೆಯ ಹೊಸ ನಿಯಮ) ಬಂದ ಮೇಲೆ 199. ನನ್ನ ಎಕ್ಸ್‌ಪಲ್ಸ್ 154. ಎರಡಕ್ಕೂ 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ತಳಕ್ಕಿರುವ ಅಂತರ), ಎರಡಕ್ಕೂ ಮುಂದೆ 21 ಇಂಚಿನ ಚಕ್ರ. ಹಿಮಾಲಯನ್‌ಗೆ ಶಕ್ತಿ ಜಾಸ್ತಿ, ಹೈವೇಯಲ್ಲಿ ಅದೇ ಮೇಲು. ನಾನು ಎರಡು ವಾರ ಇದರಲ್ಲೇ ತೂಗಾಡಿದೆ.

ನಿಗಡಿಯಲ್ಲಿ ಒಬ್ಬರು ಮೆಕ್ಯಾನಿಕ್ ಇದ್ದಾರೆ, ಜಮಖಂಡಿ ಕಡೆಯವರು. ಅವರ ಹತ್ತಿರ ಹೋಗಿ ಕಾಲು ಎಟುಕುವುದಿಲ್ಲ ಅಂತ ಹೇಳಿಕೊಂಡೆ. ಅವರು ಒಂದು ಗೋಣಿಚೀಲ ನೆಲಕ್ಕೆ ಹಾಸಿ ತಮ್ಮದೇ ಹಿಮಾಲಯನ್ ಮಲಗಿಸಿದರು. "ತಂಗಿ, ಕಾಲು ಮುಟ್ಟತಾವೋ ಇಲ್ಲೋ ಆಮ್ಯಾಲೆ ನೋಡೋಣ. ಮೊದಲು ಇದನ್ನ ಎತ್ತು. ಎತ್ತಾಕ ಬಂದ್ರ ತಗೋ" ಅಂದರು. ಎತ್ತಲು ಆಗಲಿಲ್ಲ. ಪಕ್ಕದಲ್ಲಿ ಸರ್ವಿಸ್‌ಗೆ ಬಂದಿದ್ದ ಎಕ್ಸ್‌ಪಲ್ಸ್‌ನ ಮಾಲೀಕನನ್ನು ಕೇಳಿ ಅದನ್ನೂ ಮಲಗಿಸಿದರು. ಅದನ್ನು ಎರಡನೇ ಸಲಕ್ಕೆ ಎತ್ತಿದೆ. ನನ್ನ ತೀರ್ಮಾನ ಅಲ್ಲೇ ಆಯಿತು.

ಎತ್ತುವ ವಿಧಾನವನ್ನೂ ಅವರೇ ಕಲಿಸಿದರು. ಮೊದಲು ಕೀ ಆಫ್. ಸಾಧ್ಯವಾದರೆ ಗೇರಿಗೆ ಹಾಕಬೇಕು, ಇಲ್ಲದಿದ್ದರೆ ಎತ್ತುವಾಗ ಗಾಡಿ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಗೆ ಚಾಚಿಡಬೇಕು. ಆಮೇಲೆ ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂರಬೇಕು. ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಹಿಡಿಕೆಗೆ. ಸೊಂಟ ಬಗ್ಗಿಸಿ ಜಗ್ಗಬಾರದು. ಬೆನ್ನು ನೆಟ್ಟಗಿಟ್ಟು, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ತಳ್ಳಬೇಕು. ಮುಂದಿನ ಎರಡು ತಿಂಗಳಲ್ಲಿ ನಾನು ಮೂರು ಸಲ ಗಾಡಿ ಕೆಡವಿದೆ. ಒಮ್ಮೆ ಮುಳಶಿ ಹಿನ್ನೀರಿನ ಹತ್ತಿರ, ಜಲ್ಲಿ ಇಳಿಜಾರಿನಲ್ಲಿ. ಸುತ್ತ ಒಬ್ಬರೂ ಇರಲಿಲ್ಲ. ಎತ್ತಿ ಮನೆಗೆ ಬಂದೆ. ಆ ದಿನ 199 ಕೆ.ಜಿ. ಗಾಡಿ ಇದ್ದಿದ್ದರೆ ಯಾರಾದರೂ ಬರುವವರೆಗೆ ಕಾಯಬೇಕಿತ್ತು. ಕಚ್ಚಾ ದಾರಿಗೆ ಅಂತ ಗಾಡಿ ತಗೊಳ್ಳುವವರು ಬೀಳುತ್ತಾರೆ, ಹೊಸಬರು ಇನ್ನೂ ಜಾಸ್ತಿ. ಅದಕ್ಕೇ ನಾನು ಸೀಟಿನ ಎತ್ತರಕ್ಕಿಂತ ತೂಕಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಎತ್ತರಕ್ಕೆ ಅಭ್ಯಾಸ ಆಗುತ್ತದೆ. ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಜಾರಿ ಒಂದೇ ಕಾಲು ಊರುವುದು, ಬಲಗಾಲು ಬ್ರೇಕ್ ಮೇಲೆ ಇಡುವುದು. ಒಂದು ತಿಂಗಳಲ್ಲಿ ರೂಢಿಯಾಯಿತು.

ಇಲ್ಲೊಂದು ಎಚ್ಚರಿಕೆ. ಎಲ್ಲ ಎಕ್ಸ್‌ಪಲ್ಸ್ ಒಂದೇ ಎತ್ತರ ಅಲ್ಲ. ಆಮೇಲೆ ಬಂದ 4ವಿ ಪ್ರೊ ಮಾದರಿಯ ಸೀಟು 891 ಮಿ.ಮೀ. ಹಳೆಯ ಗಾಡಿಗೆ ರ‍್ಯಾಲಿ ಕಿಟ್ (ಉದ್ದ ಸಸ್ಪೆನ್ಷನ್ ಇರುವ ಸಾಮಾನು) ಹಾಕಿಸಿದ್ದರೂ ಎತ್ತರ ಏರಿರುತ್ತದೆ. ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ. ಹತ್ತಿ ಕೂತೇ ನೋಡಬೇಕು.

ಮೂರು ಗಾಡಿ ನೋಡಿದೆ. ಮೊದಲನೆಯದನ್ನು ಒಬ್ಬ ಏಜೆಂಟ್ ತೋರಿಸಿದ. ಸಾಲ ಇಲ್ಲ ಅಂದ. ಗಾಡಿ ನಂಬರ್ ಹಾಕಿ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನೋಡಿದರೆ ಸಾಲ ಕೊಟ್ಟವರ ಹೆಸರು ಇನ್ನೂ ಇತ್ತು. ಸಾಲ ತೀರಿದ್ದರೆ ಅವರಿಂದ ಎನ್ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ), ಜೊತೆಗೆ ಸಾಲ ತೀರಿತು ಅಂತ ತೋರಿಸುವ ಫಾರ್ಮ್ 35 ಸಿಗಬೇಕು. ಅವು ಬರುವವರೆಗೆ ಮುಂಗಡ ಕೊಡುವುದಿಲ್ಲ ಅಂದೆ. ಆಮೇಲೆ ಅವನ ಫೋನ್ ಬರಲಿಲ್ಲ.

ಎರಡನೆಯದು ಥಳಥಳ ಹೊಳೆಯುತ್ತಿತ್ತು. ಹೊಸ ಪೇಂಟು, ಹೊಸ ಸ್ಟಿಕ್ಕರ್, ಒಂದು ಗೀರೂ ಇಲ್ಲ. ನನಗೆ ತುಂಬ ಹಿಡಿಸಿತ್ತು. ಮೆಕ್ಯಾನಿಕ್ ಅಣ್ಣ ಟಾರ್ಚ್ ಹಾಕಿ ಹ್ಯಾಂಡಲ್ ಕೆಳಗೆ ನೋಡಿದರು. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಸ್ಟಾಪರ್ ಅಂತ ಒಂದು ಕಬ್ಬಿಣದ ಉಬ್ಬು ಫ್ರೇಮಿನ ಮೇಲೆ ಇರುತ್ತದೆ. ಅದು ಜಜ್ಜಿ ಹೋಗಿತ್ತು. ಮುಂದಿನ ಚಕ್ರಕ್ಕೆ ಜೋರು ಪೆಟ್ಟು ಬಿದ್ದಿದೆ ಎಂದು ಅರ್ಥ. ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ಎರಡು ಚಕ್ರ ಒಂದೇ ಗೆರೆಯಲ್ಲಿ ಇರಲಿಲ್ಲ. ಬಣ್ಣ ನೋಡಿ ದುಡ್ಡು ಕೊಟ್ಟುಬಿಡುತ್ತಿದ್ದೆ ನಾನು.

ಮೂರನೆಯದೇ ನನ್ನದು. ಅದನ್ನು ಇಟ್ಟುಕೊಂಡಿದ್ದವರು ಸೊಲ್ಲಾಪುರ ಕಡೆಯವರು, ಮನೆಯಲ್ಲಿ ಕನ್ನಡವೇ. ಲಿವರ್ ತುದಿ ಮುರಿದಿತ್ತು, ಟ್ಯಾಂಕ್ ಪಕ್ಕ ಗೀರು, ಇಂಜಿನ್ ಕೆಳಗಿನ ತಗಡು ಕುಳಿ ಬಿದ್ದಿತ್ತು. ಎಲ್ಲಿ ಹೇಗೆ ಬಿತ್ತು ಅಂತ ಅವರೇ ಒಂದೊಂದನ್ನೂ ತೋರಿಸಿ ಹೇಳಿದರು. ಇಂಥ ಗಾಡಿಯಲ್ಲಿ ಈ ಗಾಯಗಳಿಗೆ ಹೆದರಬೇಡಿ. ಲಿವರ್, ಹ್ಯಾಂಡಲ್, ಪ್ಲಾಸ್ಟಿಕ್ ಎಲ್ಲ ಪುಣೆಯ ನಾನಾ ಪೇಠ್ ಬಡಾವಣೆಯ ಅಂಗಡಿಗಳಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತವೆ. ತಗಡು ಕುಳಿ ಬಿದ್ದಿದ್ದರೆ ಅದು ತನ್ನ ಕೆಲಸ ಮಾಡಿದೆ. ಅದರ ಹಿಂದಿನ ಫ್ರೇಮ್ ಸೊಟ್ಟ ಆಗಿಲ್ಲವಾ, ಇಂಜಿನ್‌ನಿಂದ ಎಣ್ಣೆ ಜಿನುಗುತ್ತಿಲ್ಲವಾ ಅಂತ ಬಗ್ಗಿ ನೋಡಿದರೆ ಸಾಕು.

ನಾವು ಮುಖ್ಯವಾಗಿ ನೋಡಿದ್ದು ಗಾಡಿಯ ಬೇರೆ ಭಾಗಗಳನ್ನು. ಹೋದ ಕೂಡಲೇ ಇಂಜಿನ್ ಹತ್ತಿರ ಕೈ ಇಟ್ಟು ನೋಡಿದೆವು. ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ ತಿಳಿಯುವುದಿಲ್ಲ. ಮುಂದಿನ ಫೋರ್ಕ್ (ಚಕ್ರ ಹಿಡಿದಿರುವ ಸಸ್ಪೆನ್ಷನ್) ಪೈಪನ್ನು ಬಟ್ಟೆಯಿಂದ ಒರೆಸಿ, ಬ್ರೇಕ್ ಹಿಡಿದು ಹತ್ತು ಸಲ ಅದುಮಿದೆವು. ಎಣ್ಣೆಯ ಉಂಗುರ ಮೂಡಿತು. ಅಂದರೆ ಆಯಿಲ್ ಸೀಲ್ ಹೋಗಿದೆ. ಮುಂದಿನ ಚಕ್ರ ಮೇಲೆತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದರೆ ನಡುವೆ ಒಂದು ಕಡೆ ಟಕ್ ಅಂತ ನಿಲ್ಲುತ್ತಿತ್ತು. ಅದು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಸವೆದಿದ್ದರ ಗುರುತು. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರೆ ಅಲುಗಲಿಲ್ಲ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಚೆನ್ನಾಗಿತ್ತು. ಸ್ಪೋಕ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಒಂದೊಂದಾಗಿ ತಟ್ಟಿದೆವು. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲ ಇದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಏರ್ ಫಿಲ್ಟರ್ ಬಿಚ್ಚಿದರೆ ಕೆಂಪು ಧೂಳು. ಗಾಡಿ ಎಲ್ಲಿ ತಿರುಗಿದೆ ಅನ್ನುವುದನ್ನು ಓನರ್‌ಗಿಂತ ಚೆನ್ನಾಗಿ ಫಿಲ್ಟರ್ ಹೇಳುತ್ತದೆ. ಕೊನೆಗೆ ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿದೆವು.

82,000ಕ್ಕೆ ಮಾತು ಮುಗಿಯಿತು. 2019ರಲ್ಲಿ ಇದರ ದೆಹಲಿ ಷೋರೂಂ ಬೆಲೆ 1.05 ಲಕ್ಷ ಇತ್ತು. ಮೊದಲ ತಿಂಗಳೇ ಕೋನ್ ಸೆಟ್, ಫೋರ್ಕ್ ಸೀಲು, ಎಣ್ಣೆ, ಚೈನ್ ಸ್ಪ್ರಾಕೆಟ್, ಹಿಂದಿನ ಟೈರ್, ಬ್ರೇಕ್ ಪ್ಯಾಡ್ ಎಲ್ಲ ಸೇರಿ 13,000 ಖರ್ಚಾಯಿತು. ಇವೆಲ್ಲ ಓಡಿದ ಹಾಗೆ ಸವೆಯುವ ಸಾಮಾನು. ನಿಮ್ಮ ಬಜೆಟ್‌ನಲ್ಲಿ ಇಷ್ಟು ದುಡ್ಡು ಪಕ್ಕಕ್ಕೆ ಇಟ್ಟೇ ಬೆಲೆ ಮಾತಾಡಿ.

ಕಾಗದದ ಕೆಲಸಕ್ಕೆ ಮುಖ್ಯವಾಗಿ ಬೇಕಾಗುವುದು ಹೆಸರು ವರ್ಗಾವಣೆಯ ಫಾರ್ಮ್ 29, ಫಾರ್ಮ್ 30. ವಿಮೆ ಮಾತ್ರ ಎರಡು ಸಲ ಓದಿ. 2018ರ ಸೆಪ್ಟೆಂಬರ್ ನಂತರ ಹೊಸ ದ್ವಿಚಕ್ರಕ್ಕೆ 5 ವರ್ಷದ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ) ವಿಮೆ ಕಡ್ಡಾಯ. ಹಾಗಾಗಿ ನನ್ನ ಗಾಡಿಯ ಪಾಲಿಸಿ ಮೇಲೆ 2024 ಅಂತ ಇತ್ತು. ಆದರೆ ನಮ್ಮ ಗಾಡಿಯ ಹಾನಿಗೆ ಸಿಗುವ ಭಾಗ ಯಾವಾಗಲೋ ಮುಗಿದಿತ್ತು. ಪಾಲಿಸಿಯನ್ನು ನನ್ನ ಹೆಸರಿಗೆ ಮಾಡಿಸಿ ಅದನ್ನೂ ಹೊಸದಾಗಿ ತಗೊಂಡೆ. ಇನ್ನು ನಮ್ಮ ಕಡೆಯವರು ಬೆಳಗಾವಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಕೆಎ ಗಾಡಿ ತರುತ್ತಾರೆ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟರೆ ಎಂಎಚ್ ನಂಬರ್ ಆಗಲೇಬೇಕು. ಅಲ್ಲಿಂದ ಎನ್ಒಸಿ, ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್. ಲೆಕ್ಕ ಹಾಕಿದರೆ ಅಗ್ಗ ಉಳಿಯುವುದಿಲ್ಲ.

ಓಡಿಸಲು ಹೇಗಿದೆ? ತಳವಡೆ ಮೂಲಕ ಚಾಕಣಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲದ ಗುಂಡಿಗಳು ಈಗ ನನಗೆ ಲೆಕ್ಕಕ್ಕಿಲ್ಲ. ಮುಂದಿನ ಸಸ್ಪೆನ್ಷನ್ 190 ಮಿ.ಮೀ. ಕೆಳಗೆ ಮೇಲೆ ಆಡುತ್ತದೆ. ದೊಡ್ಡ ಚಕ್ರ ಗುಂಡಿಯೊಳಗೆ ಬೀಳದೆ ದಾಟುತ್ತದೆ. ಎತ್ತರ ಕೂತಿರುವುದರಿಂದ ಕಾರುಗಳ ತಲೆ ಮೇಲಿಂದ ಮುಂದಿನ ರಸ್ತೆ ಕಾಣುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ತಾಮ್ಹಿಣಿಯ ಒದ್ದೆ ಡಾಂಬರಿನಲ್ಲಿ ಹಿಂದಿನ ಬ್ರೇಕ್ ಜೋರಾಗಿ ತುಳಿದರೆ ಚಕ್ರ ಜಾರುತ್ತದೆ. ಕಾಲನ್ನು ಮೆತ್ತಗೆ ಇಡುವುದನ್ನು ಮೊದಲ ಮಳೆಗಾಲದಲ್ಲೇ ಕಲಿತೆ.

ಹೈವೇಯಲ್ಲಿ ಇದಕ್ಕೆ ಮಿತಿ ಇದೆ. ಐದೇ ಗೇರ್, 18 ಚಿಲ್ಲರೆ ಪಿಎಸ್ ಶಕ್ತಿ. ಧಾರವಾಡಕ್ಕೆ ಸುಮಾರು 430 ಕಿ.ಮೀ. ನಾನು 80ರಲ್ಲಿ ಹೋಗುತ್ತೇನೆ. 90 ದಾಟಿದರೆ ಕೈಗೆ, ಕಾಲಿಗೆ ನಡುಕ ಬರುತ್ತದೆ. ಖಂಬಾಟಕಿ ಘಾಟ್‌ನಲ್ಲಿ ಲಾರಿ ಹಿಂದೆ ಸಿಕ್ಕರೆ ಗೇರ್ ಇಳಿಸಿ ತಾಳ್ಮೆಯಿಂದ ಹತ್ತಬೇಕು. ಕರಾಡಕ್ಕೆ ಒಮ್ಮೆ, ನಿಪ್ಪಾಣಿಗೆ ಒಮ್ಮೆ ಇಳಿದು ಕಾಲು ಆಡಿಸುತ್ತೇನೆ. ಲೀಟರ್‌ಗೆ 38 ಕಿ.ಮೀ. ಬರುತ್ತದೆ, ಟ್ಯಾಂಕ್ 13 ಲೀಟರ್, ಹಾಗಾಗಿ ಪೆಟ್ರೋಲ್ ಚಿಂತೆ ಕಡಿಮೆ. ಪ್ರತಿ ವಾರ ಹೈವೇ ಹಿಡಿಯುವವರಿಗೆ ನಾನು ಈ ಗಾಡಿ ಹೇಳುವುದಿಲ್ಲ.

ಇನ್ನೊಂದು ವಿಷಯ ಪಂಕ್ಚರ್. ಸ್ಪೋಕ್ ಚಕ್ರ, ಒಳಗೆ ಟ್ಯೂಬು. 21 ಇಂಚಿನ ಟ್ಯೂಬ್ ಎಲ್ಲ ಪಂಕ್ಚರ್ ಅಂಗಡಿಯಲ್ಲಿ ಇರುವುದಿಲ್ಲ. ಅದಕ್ಕೆ ಒಂದನ್ನು ಯಾವಾಗಲೂ ಜೊತೆಗೆ ಇಟ್ಟುಕೊಳ್ಳುತ್ತೇನೆ. ತೀರಾ ಕಷ್ಟ ಬಂದರೆ ಅದನ್ನೇ ಹಿಂದಿನ 18 ಇಂಚಿನ ಚಕ್ರಕ್ಕೂ ತೂರಿಸಿ ನಿಧಾನವಾಗಿ ಮನೆ ಮುಟ್ಟಬಹುದು. ಭೋರ್ ದಾಟಿ ವರಂಧಾ ಕಡೆ ಹೋದಾಗ ನಾನು ಹಾಗೇ ಬಂದಿದ್ದೇನೆ.

ಈಗ ಚಿಕ್ಕಪ್ಪನ ಮಗಳು ಪುಣೆಗೆ ಕೆಲಸಕ್ಕೆ ಬಂದಿದ್ದಾಳೆ. ಅವಳಿಗೂ ಇಂಥದ್ದೇ ಗಾಡಿ ಬೇಕಂತೆ, ಮೊದಲ ಗಾಡಿ. ಬರುವ ಭಾನುವಾರ ಹಡಪಸರದಲ್ಲಿ ಒಂದನ್ನು ನೋಡಲು ಹೋಗುತ್ತಿದ್ದೇವೆ. ಮಲಗಿಸಿ ನೋಡುತ್ತೇವೆ ಅಂತ ಓನರ್‌ಗೆ ಫೋನಿನಲ್ಲೇ ಹೇಳಿ ಒಪ್ಪಿಸಿದ್ದೇನೆ. ಟಾರ್ಚು, ಸ್ಕ್ರೂಡ್ರೈವರ್, ಒರೆಸುವ ಬಟ್ಟೆ ಬ್ಯಾಗಿಗೆ ಹಾಕಿಟ್ಟೆ. ನಿಗಡಿಯ ಅಣ್ಣನ ಹತ್ತಿರ ಗೋಣಿಚೀಲವನ್ನೂ ಇಸ್ಕೊಂಡು ಬಂದಿದ್ದೇನೆ.