ಒಗ್ಗರಣೆಗೂ ಕೂಗುತ್ತಿದ್ದ ಅಲಾರಂ ತೆಗೆದು ಹೊಸ ಸೆಟ್ ಹಾಕಿ ನಾಲ್ಕು ವರ್ಷ

ನಾವಿರುವುದು ಸ್ಕಾಟ್‌ಲೆಂಡ್‌ನಲ್ಲಿ, ಎಡಿನ್‌ಬರದ ಹತ್ತಿರ. ಕೆಳಗೆ ಲಿವಿಂಗ್ ರೂಮ್, ಹಾಲ್‌ವೇ (ಕೋಣೆಗಳ ನಡುವಿನ ಓಡಾಟದ ಜಾಗ), ಅಡುಗೆಮನೆ. ಮೇಲೆ ಮೂರು ಮಲಗುವ ಕೋಣೆ. 2022ರ ಫೆಬ್ರವರಿ 1ರಿಂದ ಇಲ್ಲಿ ಎಲ್ಲ ಮನೆಗಳಲ್ಲೂ ಒಂದು ಕೂಗಿದರೆ ಎಲ್ಲವೂ ಕೂಗುವ ಹಾಗೆ ಒಂದಕ್ಕೊಂದು ಜೋಡಿಸಿದ ಬೆಂಕಿ ಅಲಾರಂ ಇರಬೇಕು ಅಂತ ನಿಯಮ ಬಂತು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡಕ್ಕೆ 2017ರಲ್ಲಿ ಬೆಂಕಿ ಬಿದ್ದು 72 ಜನ ತೀರಿಕೊಂಡರು. ಅದಾದ ಮೇಲೆ ತಂದ ನಿಯಮ ಇದು. ಹಾಗಾಗಿ ಆ ಜನವರಿಯಲ್ಲೇ ನಾವು ಹಳೆಯದನ್ನೆಲ್ಲ ತೆಗೆದು ಹೊಸ ಸೆಟ್ ಹಾಕಿದೆವು.

ಹಳೆಯದರ ಕಥೆ ಮೊದಲು ಹೇಳಿಬಿಡುತ್ತೇನೆ. ಅಡುಗೆಮನೆ ಬಾಗಿಲ ಪಕ್ಕದಲ್ಲೇ ಒಂದು ಹೊಗೆ ಅಲಾರಂ ಇತ್ತು. ಸಾಸಿವೆ ಸಿಡಿದರೆ ಕೂಗು. ಕಾವಲಿ ಕಾದರೆ ಕೂಗು. ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯೋಕೆ ಶುರು ಮಾಡಿದರಂತೂ ಮುಗಿಯಿತು, ಘಾಟಿಗೆ ನಾವು ಕೆಮ್ಮುವ ಮೊದಲೇ ಅದು ಅರಚುತ್ತಿತ್ತು. ಒಂದು ದಿನ ಮಗು ಆಗಷ್ಟೇ ಮಲಗಿತ್ತು. ಸಿಟ್ಟಿಗೆ ಸ್ಟೂಲ್ ಹತ್ತಿ ಬ್ಯಾಟರಿ ಕಿತ್ತು ಡ್ರಾಯರ್‌ಗೆ ಹಾಕಿದೆ. ಆಮೇಲೆ ಮರೆತೇಹೋಯಿತು. ಹೊಸದು ಹಾಕುವಾಗ ಹಳೆಯದನ್ನು ಇಳಿಸಿ ನೋಡಿದರೆ ಹಿಂದೆ 2008 ಅಂತ ಮುದ್ರೆ. ಅಲಾರಂ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಅಂದರೆ ಎಂದೋ ಅವಧಿ ಮುಗಿದ, ಬ್ಯಾಟರಿಯೂ ಇಲ್ಲದ ಡಬ್ಬಿಯ ಕೆಳಗೆ ನಾವು ತಿಂಗಳುಗಟ್ಟಲೆ ಓಡಾಡಿದ್ದೆವು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಎನ್ನುತ್ತದೆ.

ಆ ಹಳೆಯ ಅಲಾರಂ ಅಯಾನೀಕರಣದ ಬಗೆ. ಒಳಗೆ ಚೂರೇ ಚೂರು ಅಮೆರಿಸಿಯಂ ಎಂಬ ವಿಕಿರಣಶೀಲ ಧಾತು ಇರುತ್ತದೆ, ಅದರ ವಿಕಿರಣದಿಂದ ಹೊಗೆ ಗುರುತಿಸುತ್ತದೆ. ಜ್ವಾಲೆ ಎದ್ದು ಉರಿಯುವ ಬೆಂಕಿಯನ್ನು ಬೇಗ ಹಿಡಿಯುತ್ತದೆ, ಆದರೆ ಅಡುಗೆಯ ಸಣ್ಣ ಹೊಗೆಗೂ ಬೇಗ ಮೋಸಹೋಗುತ್ತದೆ. ಈಗ ನಾವು ಹಾಕಿರುವುದು ಬೆಳಕಿನ ಕಿರಣದಿಂದ ಹೊಗೆ ಗುರುತಿಸುವ ಆಪ್ಟಿಕಲ್ ಬಗೆ. ಸೋಫಾ, ಹಾಸಿಗೆ ಒಳಗೊಳಗೇ ಸುಡುತ್ತಾ ದಟ್ಟ ಹೊಗೆ ಬಿಡುತ್ತವಲ್ಲ, ಅದನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಲಿವಿಂಗ್ ರೂಮ್, ಕೆಳಗಿನ ಹಾಲ್‌ವೇ, ಮೇಲೆ ಮೆಟ್ಟಿಲು ಹತ್ತಿದ ಜಾಗ, ಹೀಗೆ ಮೂರು ಕಡೆ. ಅಡುಗೆಮನೆಗೆ ಮಾತ್ರ ಶಾಖದ ಅಲಾರಂ. ಇದಕ್ಕೆ ಹೊಗೆ ಗೊತ್ತೇ ಆಗುವುದಿಲ್ಲ. ಚಾವಣಿ ಹತ್ತಿರದ ಬಿಸಿ 54ರಿಂದ 65 ಡಿಗ್ರಿ ಆಸುಪಾಸಿಗೆ ಹೋದರೆ ಕೂಗುತ್ತದೆ. ಈ ನಾಲ್ಕು ವರ್ಷದಲ್ಲಿ ಒಗ್ಗರಣೆಗೆ ಅದು ಒಂದು ಸಲವೂ ಬಾಯಿ ಬಿಟ್ಟಿಲ್ಲ. ನಮ್ಮ ಅಡುಗೆ ಮಾಡುವ ಮನೆಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಹೋದ ವರ್ಷ ಅಮ್ಮ ಹಾಸನದಿಂದ ಬಂದಿದ್ದರು. ಹಾಲು ಕಾಯೋಕಿಟ್ಟು ಹಿತ್ತಲಿಗೆ ಹೋಗಿದ್ದಾರೆ. ನಾನು ಮೇಲೆ ಆಫೀಸ್ ಕಾಲ್‌ನಲ್ಲಿದ್ದೆ. ಬಾಗಿಲಾಚೆಯೇ ಅಲಾರಂ ಹೊಡೆದುಕೊಂಡಿತು. ಹೊಗೆ ಮುಟ್ಟಿದ್ದು ಕೆಳಗಿನ ಹಾಲ್‌ವೇ ಅಲಾರಂಗೆ, ರೇಡಿಯೋ ಸಂಪರ್ಕ ಇರುವುದರಿಂದ ನಾಲ್ಕೂ ಒಟ್ಟಿಗೆ ಕೂಗಿದವು. ಓಡಿ ಬಂದು ನೋಡಿದರೆ ಪಾತ್ರೆ ತಳ ಕರಿ ಇದ್ದಿಲು, ಅಡುಗೆಮನೆ ತುಂಬ ಬೂದು ಹೊಗೆ. ಶಾಖದ ಅಲಾರಂಗೆ ಅಷ್ಟು ಬಿಸಿ ಇನ್ನೂ ತಟ್ಟಿರಲಿಲ್ಲ. ಹಾಲ್‌ವೇಯದು ಇರದಿದ್ದರೆ? ಬಾಗಿಲು ಮುಚ್ಚಿಕೊಂಡು ಮೇಲೆ ಕೂತಿದ್ದ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಅಮ್ಮ ಸುಧಾರಿಸಿಕೊಂಡು, "ಗ್ಯಾಸ್ ಲೀಕ್ ಆದ್ರೂ ಹಿಂಗೇ ಕೂಗುತ್ತೇನೋ?" ಅಂತ ಕೇಳಿದರು. "ಇಲ್ಲಮ್ಮ, ಅದಕ್ಕೆ ಬೇರೆ ಮೆಷಿನ್ನೇ ಬೇಕು" ಅಂದೆ. ಬಾಯ್ಲರ್ ಹತ್ತಿರ ಇಟ್ಟಿರುವ ಕಾರ್ಬನ್ ಮೊನಾಕ್ಸೈಡ್ (ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಬರುವ ವಿಷಾನಿಲ) ಅಲಾರಂ ಕೂಡ ಗ್ಯಾಸ್ ಸೋರಿಕೆ ಹಿಡಿಯುವುದಿಲ್ಲ. ತುಂಬ ಜನ ಎರಡೂ ಒಂದೇ ಅಂದುಕೊಂಡಿದ್ದಾರೆ.

ಒಂದು ದೂರು ಇದೆ. ಎರಡೂವರೆ ವರ್ಷಕ್ಕೆ ಮೇಲಿನ ಅಲಾರಂ ಕೆಟ್ಟಿತು. ರಾತ್ರಿ ಮೂರು ಗಂಟೆ, ನಿಮಿಷಕ್ಕೊಂದು ಸಲ ಕೀಚ್ ಅನ್ನುತ್ತಿತ್ತು. ಬ್ಯಾಟರಿ ಸೋತಾಗ ಬರುವ ಸದ್ದು ಇದು. ರಾತ್ರಿ ಮನೆ ತಣ್ಣಗಾದಾಗ ಬ್ಯಾಟರಿ ಶಕ್ತಿ ಇನ್ನೂ ಇಳಿಯುತ್ತದೆ, ಅದಕ್ಕೇ ಎಷ್ಟೋ ಸಲ ಈ ಕಾಟ ಶುರುವಾಗುವುದು ನಡುರಾತ್ರಿ. ಬ್ಯಾಟರಿ 10 ವರ್ಷ ಬರಬೇಕಾದದ್ದು, ಸೀಲ್ ಆಗಿರುವಂಥದ್ದು, ನಾವು ಬದಲಿಸುವ ಹಾಗಿಲ್ಲ. ಕಂಪನಿಯವರು ವಾರಂಟಿಯಲ್ಲಿ ಹೊಸದು ಕೊಟ್ಟರು ನಿಜ, ಆದರೆ ಮೂರು ವಾರ ಕಾಯಿಸಿದರು. ಮಕ್ಕಳು ಮಲಗುವ ಮಹಡಿಯಲ್ಲಿ ಮೂರು ವಾರ ಅಲಾರಂ ಇಲ್ಲದೆ ಇರೋಕಾಗುತ್ತಾ? ಅಂಗಡಿಯಿಂದ ಬಿಡಿಯಾಗಿ ಒಂದು ತಂದು ಹಾಕಿಕೊಂಡೆವು. ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.

ಖರ್ಚು? ಮೂರು ಮಲಗುವ ಕೋಣೆಯ ಮನೆಗೆ ಸುಮಾರು 220 ಪೌಂಡ್ ಆಗಬಹುದು ಅಂತ ಸರ್ಕಾರ ಅಂದಾಜು ಹೇಳಿತ್ತು. ನಾವೇ ಡ್ರಿಲ್ ಹಿಡಿದಿದ್ದರಿಂದ ಅದರೊಳಗೇ ಮುಗಿಯಿತು. ಗೋಡೆಯಿಂದಲೂ ಲೈಟಿನಿಂದಲೂ 30 ಸೆಂಟಿಮೀಟರ್ ದೂರ ಬಿಟ್ಟು ಚಾವಣಿಗೆ ಕೂರಿಸಿದೆವು. ಕೊಳ್ಳುವಾಗ ಹೊಗೆಯದಕ್ಕೆ ಬಿಎಸ್ ಇಎನ್ 14604, ಶಾಖದ್ದಕ್ಕೆ ಬಿಎಸ್ 5446-2 ಅಂತ ಗುಣಮಟ್ಟದ ಸಂಖ್ಯೆ ಬರೆದಿದೆಯಾ ನೋಡಿ. ಪಕ್ಕದಲ್ಲಿ ಬದಲಿಸಬೇಕಾದ ವರ್ಷವೂ ಇರುತ್ತದೆ. ನಮ್ಮ ನಾಲ್ಕರಲ್ಲಿ ಒಂದರ ಮೇಲೆ ಮಾತ್ರ 2031 ಇತ್ತು, ಉಳಿದವು 2032. ಅಂಗಡಿಯಲ್ಲೇ ಒಂದು ವರ್ಷ ಸುಮ್ನೆ ಕೂತಿತ್ತು ಅಂತ ಕಾಣುತ್ತೆ.

ತಿಂಗಳ ಮೊದಲ ಭಾನುವಾರ ಮಗಳು ಪೊರಕೆ ಹಿಡಿಯಿಂದ ಟೆಸ್ಟ್ ಬಟನ್ ಒತ್ತುತ್ತಾಳೆ. ನಾಲ್ಕೂ ಕೂಗಿದವಾ ಅಂತ ಮಗ ಎಣಿಸುತ್ತಾನೆ. ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್‌ನ ಬ್ರಷ್‌ನಿಂದ ಧೂಳು, ಜೇಡರ ಬಲೆ ತೆಗೆಯುತ್ತೇನೆ. ಪೂಜೆಗೆ ಸಾಂಬ್ರಾಣಿ ಹಾಕುವ ದಿನ ಕಿಟಕಿ ತೆರೆದಿಡುತ್ತೇವೆ, ಅಲಾರಂ ಮುಟ್ಟುವುದಿಲ್ಲ.

ಮಗಳು ಈಗ ದೊಡ್ಡವಳಾದಳು, ಕೋಣೆಯಲ್ಲೇ ಲ್ಯಾಪ್‌ಟಾಪ್, ಫೋನ್ ಚಾರ್ಜ್ ಹಾಕುತ್ತಾಳೆ. ಮಲಗುವ ಕೋಣೆಗೆ ಬೇಕೇ ಬೇಕು ಅಂತ ನಿಯಮವೇನೂ ಇಲ್ಲ. ಆದರೂ ಐದನೆಯದನ್ನು ಆರ್ಡರ್ ಮಾಡಿದ್ದೇನೆ. ಅದೇ ಕಂಪನಿ, ಅದೇ ಮಾಡೆಲ್. ಬೇರೆಯದು ತಂದರೆ ಇವುಗಳ ಜೊತೆ ಸೇರುವುದಿಲ್ಲ.